ಬೇರಿಯಾಟ್ರಿಕ್ ಸರ್ಜರಿ ಆದ್ಮೇಲೆ ಎಕ್ಸರ್‌ಸೈಜ್: ತೂಕ ಇಳೀತಿದೆ ಸರಿ, ಶಕ್ತಿ ಎಲ್ಲಿ ಹೋಯ್ತು?

ಅಕ್ಕನಿಗೆ ತೂಕ ಇಳಿಸಕ್ಕೆ ಹೊಟ್ಟೆ ಸಣ್ಣ ಮಾಡೋ ಸ್ಲೀವ್ ಆಪರೇಷನ್ ಆಗಿ ಐದು ತಿಂಗಳಾಗಿತ್ತು, ಅಷ್ಟರಲ್ಲಿ 31 ಕೆಜಿ ಇಳಿದಿದ್ಲು, ನೋಡಿದವರೆಲ್ಲ ಗುರುತೇ ಸಿಗಲ್ಲ ಅಂತಿದ್ರು. ಒಂದಿನ ಸಂಜೆ ಕಪಾಟಿನ ಕೆಳಗಿನ ಅರೆಯಿಂದ ಏನೋ ತೆಗೀಬೇಕು ಅಂತ ನೆಲದ ಮೇಲೆ ಕೂತವಳಿಗೆ ಮೇಲೆ ಏಳಕ್ಕೇ ಆಗ್ಲಿಲ್ಲ. ಒಂದು ಕೈ ನೆಲಕ್ಕೆ ಊರಿದ್ಲು, ಇನ್ನೊಂದು ಕೈಲಿ ಕುರ್ಚಿ ಕಾಲು ಹಿಡ್ಕೊಂಡ್ಲು, ತೊಡೆ ಗಡಗಡ ನಡುಗ್ತಿತ್ತು, ಕೊನೆಗೆ ನಾನೇ ಕೈ ಕೊಟ್ಟು ಎಬ್ಬಿಸ್ಬೇಕಾಯ್ತು. "ಮುಂಚೆ ಅಷ್ಟು ದಪ್ಪ ಇದ್ದಾಗ್ಲೂ ನಾನೇ ಎದ್ದೇಳ್ತಿದ್ದೆ ಕಣೋ, ಈಗ್ಯಾಕೆ ಆಗ್ತಿಲ್ಲ?" ಅಂತ ಕೇಳಿದ್ಲು. ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಅವಳ ಡಾಕ್ಟರ್ ಹತ್ರ, ಡಯಟೀಷಿಯನ್ ಹತ್ರ, ಫಿಸಿಯೋ ಹತ್ರ ಕೇಳಿ ತಿಳ್ಕೊಂಡಿದ್ದನ್ನೆಲ್ಲ ಇಲ್ಲಿ ಬರೀತಿದ್ದೀನಿ, ಯಾಕಂದ್ರೆ ಆಪರೇಷನ್‌ಗೆ ಮುಂಚೆನೇ ಇದು ಗೊತ್ತಿದ್ದಿದ್ರೆ ಆ ಐದು ತಿಂಗಳು ನಾವು ಬೇರೆ ಥರ ನಡ್ಕೋತಿದ್ವಿ.

ಮೊದಲು ದೇಹದೊಳಗೆ ಏನಾಗುತ್ತೆ ನೋಡೋಣ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿನೇ ಕತ್ತರಿಸಿ ತೆಗೀತಾರೆ, ಇನ್ನೊಂದು ಥರದ ಆಪರೇಷನ್ ಆದ ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಸುಮಾರು 30 ಎಂಎಲ್ ಹಿಡಿಯೋವಷ್ಟು ಪುಟ್ಟ ಚೀಲ ಮಾಡಿ ಅದನ್ನ ಸಣ್ಣ ಕರುಳಿಗೆ ಸೇರಿಸ್ತಾರೆ. ಎರಡರಲ್ಲೂ ಮೊದಲ ಕೆಲವು ತಿಂಗಳು ತಿನ್ನೋದು ತುಂಬಾ ಕಮ್ಮಿ, ದೇಹಕ್ಕೆ ಬೇಕಾದ ಶಕ್ತಿಯಲ್ಲಿ ದೊಡ್ಡ ಖೋತಾ ಬೀಳುತ್ತೆ. ಆ ಖೋತಾನ ದೇಹ ಬರೀ ಕೊಬ್ಬಿಂದ ತುಂಬ್ಕೊಳ್ಳುತ್ತೆ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ, ಆದ್ರೆ ಹಾಗಾಗಲ್ಲ, ಮಾಂಸಖಂಡನೂ ಕರಗುತ್ತೆ. ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ತೂಕ ಇರುತ್ತೆ ಅಂತ ಲೆಕ್ಕ ಇಟ್ಕೊಳ್ಳಿ, ಕೆಲವರಲ್ಲಿ ಸ್ವಲ್ಪ ಕಮ್ಮಿ, ಕೆಲವರಲ್ಲಿ ಜಾಸ್ತಿ. ಅದರಲ್ಲಿ ನೀರೂ ಸೇರಿರುತ್ತೆ, ಲಿವರ್ ಸಣ್ಣ ಆಗಿದ್ದೂ ಸೇರಿರುತ್ತೆ, ಎಲ್ಲವೂ ಮಸಲ್ ಅಲ್ಲ ನಿಜ, ಆದ್ರೂ 30 ಕೆಜಿ ಇಳಿದವರಿಗೆ ಏಳೆಂಟು ಕೆಜಿ ಅಂದ್ರೆ ಸಣ್ಣ ವಿಷಯ ಅಲ್ವಲ್ಲ. ಇದರಲ್ಲಿ ಬಹುಪಾಲು ಹೋಗೋದು ಮೊದಲ ಮೂರರಿಂದ ಆರು ತಿಂಗಳಲ್ಲೇ, ಅಂದ್ರೆ ತೂಕದ ಮಷೀನ್ ನೋಡಿ ನಾವು ಖುಷಿಪಡೋ ಟೈಮಲ್ಲೇ.

ಇನ್ನೊಂದು ಕಾರಣನೂ ಇದೆ, ಅದನ್ನ ಫಿಸಿಯೋ ಹೇಳಿದಾಗ ನನಗೆ ಎಲ್ಲ ಒಟ್ಟಿಗೆ ಅರ್ಥ ಆಯ್ತು. ದಪ್ಪ ಇದ್ದಷ್ಟು ಕಾಲ ಅಕ್ಕನ ಕಾಲುಗಳು ದಿನಾ ಪೂರ್ತಿ ಭಾರ ಎತ್ತೋ ಕೆಲಸ ಮಾಡ್ತಿದ್ವು, ಕೂತು ಎದ್ರೂ ಮೆಟ್ಟಿಲು ಹತ್ತಿದ್ರೂ ಅದೇ ಅವಳಿಗೆ ವೇಟ್ ಟ್ರೇನಿಂಗ್. ಈಗ 31 ಕೆಜಿ ಇಳಿದ್ಮೇಲೆ ಆ ಕೆಲಸ ನಿಂತುಹೋಯ್ತು, ಊಟದಲ್ಲಿ ಪ್ರೋಟೀನೂ ಸಾಲ್ತಿಲ್ಲ, ಹಾಗಾಗಿ ದೇಹ ಈ ಮಸಲ್ ಇನ್ನು ಯಾಕೆ ಸಾಕೋದು ಅಂತ ಬಿಟ್ಟುಕೊಡುತ್ತೆ. ಮಸಲ್ ಉಳೀಬೇಕು ಅಂದ್ರೆ ಅದಕ್ಕೆ ಕೆಲಸನೂ ಕೊಡಬೇಕು, ಪ್ರೋಟೀನೂ ಕೊಡಬೇಕು. ಒಂದು ಕೊಟ್ಟು ಇನ್ನೊಂದು ಬಿಟ್ರೆ ಅರ್ಧ ಕೆಲಸ ಅಷ್ಟೇ.

ಇಲ್ಲಿ ಮೋಸ ಹೋಗೋದು ಸುಲಭ, ಯಾಕಂದ್ರೆ ಫಿಟ್‌ನೆಸ್ ಹೆಚ್ಚಾಗಿದೆ ಅಂತನೇ ಅನ್ಸುತ್ತೆ. ಮೆಟ್ಟಿಲು ಹತ್ತಿದ್ರೆ ಏದುಸಿರು ಕಮ್ಮಿ, ಮೊಣಕಾಲು ನೋವು ಕಮ್ಮಿ. ಮೊಣಕಾಲಿನ ವಿಷಯ ಸತ್ಯನೇ, 2005ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮೊಣಕಾಲಿನ ಆರ್ಥ್ರೈಟಿಸ್ ಇದ್ದ ವಯಸ್ಸಾದವರು ತೂಕ ಇಳಿಸಿದಾಗ ನೋಡಿದ್ರು, ಒಂದು ಕೆಜಿ ಇಳಿದ್ರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಬೀಳೋ ಭಾರ ನಾಲ್ಕು ಕೆಜಿಯಷ್ಟು ಕಮ್ಮಿ ಆಗ್ತಿತ್ತು, ಹತ್ತು ಕೆಜಿ ಇಳಿದ್ರೆ ಎಷ್ಟು ನೆಮ್ಮದಿ ಅಂತ ನೀವೇ ಲೆಕ್ಕ ಹಾಕಿ. ಆದ್ರೆ ಉಸಿರಿನ ವಿಷಯ ಬೇರೆ. ಹೃದಯ, ಶ್ವಾಸಕೋಶ, ಮಸಲ್ ಸೇರಿ ನಿಮಿಷಕ್ಕೆ ಒಟ್ಟು ಎಷ್ಟು ಆಕ್ಸಿಜನ್ ಬಳಸ್ಕೊಳ್ಳಕ್ಕೆ ಆಗುತ್ತೆ ಅನ್ನೋದು ಸುಮ್ನೆ ತೂಕ ಇಳಿದ್ರೆ ಏರಲ್ಲ, ಎಷ್ಟೋ ಜನರಲ್ಲಿ ಮೊದಲ ತಿಂಗಳುಗಳಲ್ಲಿ ಇಳಿದೇ ಇರುತ್ತೆ. ಹೊರಬೇಕಾದ ಭಾರ ಅದಕ್ಕಿಂತ ಜಾಸ್ತಿ ಇಳಿದಿರೋದ್ರಿಂದ ನಮಗೆ ಹಗುರ ಅನ್ಸುತ್ತೆ ಅಷ್ಟೇ. ಲಾರಿಯಿಂದ ಲೋಡ್ ಇಳಿಸಿದ್ರೆ ಲಾರಿ ಸಲೀಸಾಗಿ ಓಡುತ್ತೆ, ಅದರರ್ಥ ಇಂಜಿನ್ ರಿಪೇರಿ ಆಗಿದೆ ಅಂತಲ್ಲ.

ಅದಕ್ಕೇ ಸರ್ಜರಿ ಆದವರು ಎಕ್ಸರ್‌ಸೈಜ್ ಮಾಡೋದು ತೂಕ ಇನ್ನೂ ಬೇಗ ಇಳಿಸಕ್ಕೆ ಅಲ್ಲ, ಇದನ್ನ ಒತ್ತಿ ಹೇಳ್ತೀನಿ. ಅಧ್ಯಯನಗಳಲ್ಲಿ ನೋಡಿದ್ರೆ ಸರ್ಜರಿ ಜೊತೆ ಎಕ್ಸರ್‌ಸೈಜ್ ಮಾಡಿದವರಿಗೆ ಮಾಡದವರಿಗಿಂತ ಸರಾಸರಿ ಒಂದೆರಡು ಕೆಜಿ ಮಾತ್ರ ಜಾಸ್ತಿ ಇಳಿದಿದೆ. ತೂಕದ ಮಷೀನನ್ನೇ ನಂಬ್ಕೊಂಡು ಶುರು ಮಾಡಿದವರು ಇದನ್ನ ನೋಡಿ ಮೂರನೇ ವಾರಕ್ಕೇ ಕೈ ಬಿಡ್ತಾರೆ. ಲಾಭ ಇರೋದು ಬೇರೆ ಕಡೆ: ಸ್ನಾಯುಗಳ ಬಲ, ಹೃದಯ-ಶ್ವಾಸಕೋಶದ ತಾಕತ್ತು, ಮೂಳೆ, ಆಮೇಲೆ ಎರಡನೇ ಮೂರನೇ ವರ್ಷದಲ್ಲಿ ತೂಕ ಮತ್ತೆ ಮೇಲೆ ಹತ್ತದ ಹಾಗೆ ನೋಡ್ಕೊಳ್ಳೋದು. ಇವ್ಯಾವುದೂ ಬಾತ್‌ರೂಮ್ ಪಕ್ಕ ಇಟ್ಟಿರೋ ಮಷೀನ್‌ನಲ್ಲಿ ಕಾಣಲ್ಲ.

ಶುರು ಆಗೋದು ಆಪರೇಷನ್ ಆದ ದಿನವೇ. ಅರಿವಳಿಕೆಯ ಮತ್ತು ಇಳಿದು ಕೆಲವು ಗಂಟೆ ಆಗ್ತಿದ್ದ ಹಾಗೇ ನರ್ಸ್ ಬಂದು ಅಕ್ಕನ್ನ ಎಬ್ಬಿಸಿದಾಗ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು, ಇಷ್ಟು ಬೇಗ ಯಾಕೆ ಅಂತ. ಕಾರಣ ಇದೆ. ಮಲಗೇ ಇದ್ರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಇರುತ್ತೆ, ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಸಂಚಕಾರ, ದಪ್ಪ ಇರೋರಿಗೆ ಆಪರೇಷನ್ ಆದ್ಮೇಲೆ ಈ ಅಪಾಯ ಇನ್ನೂ ಜಾಸ್ತಿ. ನಡೆದಾಗ ಮೀನಖಂಡ ಹಿಂಡಿ ಹಿಂಡಿ ರಕ್ತನ ಮೇಲಕ್ಕೆ ತಳ್ಳುತ್ತೆ. ನಡೆದ್ರೆ ಉಸಿರು ಆಳಕ್ಕೆ ಹೋಗುತ್ತೆ, ಶ್ವಾಸಕೋಶದ ಕೆಳಭಾಗ ಮುದುಡ್ಕೊಳ್ಳಲ್ಲ. ಆ ಮೂರು ಚೆಂಡಿನ ಊದೋ ಡಬ್ಬಿ ಕೊಟ್ಟಿರ್ತಾರಲ್ಲ, ಅದೂ ಇದಕ್ಕೇ, ಆದ್ರೆ ಅದನ್ನ ಊದಬಾರದು, ನಿಧಾನಕ್ಕೆ ಒಳಗೆ ಎಳ್ಕೋಬೇಕು, ಅಕ್ಕ ಮೊದಲ ದಿನ ಪೂರ್ತಿ ಊದ್ತಾನೇ ಇದ್ಲು. ಹಾಸಿಗೆಯಿಂದ ಏಳುವಾಗ ನೆಟ್ಟಗೆ ಏಳಬೇಡಿ, ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಮೊಣಕೈ ಊರಿ ಏಳಿ. ಕೆಮ್ಮು ಬಂದ್ರೆ ಹೊಟ್ಟೆಗೆ ದಿಂಬು ಒತ್ತಿ ಹಿಡ್ಕೊಳ್ಳಿ. ಭುಜ ನೋಯುತ್ತೆ ಅಂತ ಗಾಬರಿ ಆಗೋರು ಬಹಳ ಜನ, ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ತೂತುಗಳಿಂದ ಮಾಡೋ ಆಪರೇಷನ್) ಹೊಟ್ಟೆಯೊಳಗೆ ತುಂಬಿದ ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಉಳಿದು ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನ ಕೆರಳಿಸುತ್ತೆ, ಆ ನೋವು ಭುಜದಲ್ಲಿ ಕಾಣಿಸ್ಕೊಳ್ಳುತ್ತೆ, ಸಾಮಾನ್ಯವಾಗಿ ಕೆಲವು ದಿನಕ್ಕೆ ಹೋಗುತ್ತೆ.

ಮೊದಲ ತಿಂಗಳು ನಡಿಗೆನೇ ಎಕ್ಸರ್‌ಸೈಜ್. ಒಂದೇ ಸಲ ಅರ್ಧ ಗಂಟೆ ಬೇಡ, ಐದು ನಿಮಿಷದ ನಡಿಗೆ ದಿನಕ್ಕೆ ಐದಾರು ಸಲ, ಆಮೇಲೆ ಒಂದೊಂದಕ್ಕೂ ಎರಡೆರಡು ನಿಮಿಷ ಸೇರಿಸ್ತಾ ಹೋಗೋದು. ಭಾರ ಎತ್ತೋ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಐದು ಕೆಜಿ ಆಸುಪಾಸಿಗಿಂತ ಜಾಸ್ತಿ ಎತ್ತಬೇಡಿ ಅಂತಾರೆ, ನಿಮ್ಮ ಸರ್ಜನ್ ಹೇಳಿದ ಲೆಕ್ಕ ಬೇರೆ ಇದ್ರೆ ಅದೇ ಫೈನಲ್, ಹೊಟ್ಟೆ ಪೂರ್ತಿ ತೆರೆದು ಮಾಡಿದ ಆಪರೇಷನ್ ಆದ್ರೆ ಇನ್ನೂ ಜಾಸ್ತಿ ದಿನ. ಹೊರಗೆ ನೋಡಿದ್ರೆ ನಾಲ್ಕೈದು ಸಣ್ಣ ಗಾಯ, ಹತ್ತು ದಿನಕ್ಕೆ ಒಣಗಿರುತ್ತೆ, ಎಲ್ಲ ಸರಿಹೋಯ್ತು ಅನ್ಸುತ್ತೆ. ಆದ್ರೆ ಚರ್ಮದ ಕೆಳಗೆ ಹೊಟ್ಟೆಯ ಗೋಡೆನ ಗಟ್ಟಿಯಾಗಿ ಹಿಡಿದಿಡೋ ಪದರ ಒಂದಿದೆ, ಅದನ್ನೂ ತೂತು ಮಾಡಿರ್ತಾರೆ, ಅದು ಕೂಡಿಕೊಳ್ಳೋದು ತುಂಬಾ ನಿಧಾನ. ಅದು ಹಸಿ ಇರುವಾಗ ಭಾರ ಎತ್ತಿ ಉಸಿರು ಬಿಗಿಹಿಡಿದ್ರೆ ಒಳಗಿನ ಒತ್ತಡಕ್ಕೆ ಅಲ್ಲೇ ಬಿಟ್ಕೊಂಡು ಹರ್ನಿಯಾ ಆಗಬಹುದು. ಐದು ಕೆಜಿ ಅಂದ್ರೆ ಜಿಮ್‌ನ ಡಂಬಲ್ ನೆನಪಾಗುತ್ತೆ, ಆದ್ರೆ ಮನೇಲಿ ಎಡವೋದು ಬೇರೆ ಕಡೆ. ತುಂಬಿದ ಬಕೆಟ್ ನೀರು 15 ಕೆಜಿ ಮೀರುತ್ತೆ. ಒಂದು ವರ್ಷದ ಮಗು ಎಂಟ್ಹತ್ತು ಕೆಜಿ. ಒದ್ದೆ ಬಟ್ಟೆ ತುಂಬಿದ ಟಬ್ ಎತ್ತಿ ನೋಡಿ ಎಷ್ಟಿರುತ್ತೆ ಅಂತ. ಮಲಬದ್ಧತೆ ಆಗಿ ಟಾಯ್ಲೆಟ್‌ನಲ್ಲಿ ಮುಕ್ಕೋದೂ ಅದೇ ಒತ್ತಡ, ಅದಕ್ಕೂ ಡಾಕ್ಟರ್ ಹತ್ರ ಔಷಧಿ ಕೇಳಿ, ನಾಚಿಕೆ ಬೇಡ. ಈಜು ಗಾಯ ಪೂರ್ತಿ ಮುಚ್ಚಿ ಡಾಕ್ಟರ್ ಓಕೆ ಅಂದ ಮೇಲೇ.

ಈ ದಿನಗಳಲ್ಲಿ ಕೈಕಟ್ಟಿ ಕೂರಬೇಕು ಅಂತಲ್ಲ. ಗೋಡೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೋದು, ಕೂತಲ್ಲೇ ಮೊಣಕಾಲು ನೀಟಾಗಿ ಚಾಚೋದು, ಬರಿಗೈಯಲ್ಲಿ ತೋಳು ಮೇಲೆತ್ತೋದು, ಕುರ್ಚಿಯಿಂದ ನಿಧಾನಕ್ಕೆ ಎದ್ದು ಕೂರೋದು, ಇವೆಲ್ಲ ಸಾಮಾನ್ಯವಾಗಿ ಮಾಡಬಹುದು. ನಾವು ಇದನ್ನೂ ಮಾಡಿಸಲಿಲ್ಲ, ಪಾಪ ಸುಸ್ತಾಗಿರುತ್ತೆ ಮಲಗಲಿ ಅಂತ ಪ್ರೀತಿಯಿಂದಲೇ ಕೂರಿಸಿಬಿಟ್ವಿ, ಇದು ನನ್ನನ್ನ ಈಗಲೂ ಕಾಡುತ್ತೆ.

ನೀರಿನ ವಿಷಯಕ್ಕೆ ಬರ್ತೀನಿ. ಸರ್ಜರಿ ಆದವರು ಆಸ್ಪತ್ರೆಗೆ ವಾಪಸ್ ಬಂದು ಅಡ್ಮಿಟ್ ಆಗೋ ಸಾಮಾನ್ಯ ಕಾರಣಗಳಲ್ಲಿ ಡೀಹೈಡ್ರೇಶನ್ ಒಂದು. ಬೇರೆಯವರು ವಾಕಿಂಗ್ ಮುಗಿಸಿ ಬಂದು ಒಂದು ಲೋಟ ನೀರು ಗಟಗಟ ಕುಡೀತಾರೆ, ಇವರಿಗೆ ಆ ಚಾನ್ಸೇ ಇಲ್ಲ, ಹೊಟ್ಟೆಯಲ್ಲಿ ಜಾಗ ಇಲ್ಲ, ಗಟಗಟ ಕುಡಿದ್ರೆ ಎದೆ ಹಿಡಿದ ಹಾಗಾಗಿ ವಾಂತಿ ಬರುತ್ತೆ. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ಒಳಗೆ ಹೋಗ್ಬೇಕು, ಅದೂ ಗುಟುಕು ಗುಟುಕಾಗಿ, ಅದೂ ಊಟದ ಜೊತೆ ಬಿಟ್ಟು, ಊಟ ಆಗಿ ಅರ್ಧ ಗಂಟೆ ಬಿಟ್ಟು. ಅಕ್ಕ ಮೊದಮೊದಲು ಬಾಟಲಿ ಮುಚ್ಚಳದಲ್ಲಿ ಅಳೆದು ಕುಡೀತಿದ್ಲು, ಮೊಬೈಲ್‌ನಲ್ಲಿ ಅಲಾರಂ ಇಟ್ಕೊಂಡು. ಹಾಗಾಗಿ ಸಂಜೆ ವಾಕಿಂಗ್‌ಗೆ ಬೇಕಾದ ನೀರನ್ನ ಬೆಳಗ್ಗೆಯಿಂದಲೇ ಕುಡೀತಾ ಬರಬೇಕು, ಬಾಯಾರಿದ ಮೇಲೆ ನೋಡೋಣ ಅಂದ್ರೆ ಹೊತ್ತು ಮೀರಿರುತ್ತೆ. ಮೂತ್ರ ಗಾಢ ಹಳದಿ ಆಗಿದ್ರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದ್ರೆ ಅವತ್ತು ವ್ಯಾಯಾಮ ಬಿಡಿ, ನೀರು ನೋಡ್ಕೊಳ್ಳಿ.

ಕಣ್ಣು ಕತ್ತಲೆ ಬರೋದಕ್ಕೆ ಇನ್ನೊಂದು ಕಾರಣ ಹಳೇ ಮಾತ್ರೆಗಳು. ಬಿಪಿ ಮಾತ್ರೆ, ಶುಗರ್ ಮಾತ್ರೆ, ಇನ್ಸುಲಿನ್ ಎಲ್ಲ ಹಳೇ ತೂಕಕ್ಕೆ, ಹಳೇ ಊಟಕ್ಕೆ ಲೆಕ್ಕ ಹಾಕಿ ಬರೆದಿರೋದು. ತೂಕ ಇಳೀತಾ ಇದ್ದ ಹಾಗೆ ಬಿಪಿ, ಶುಗರ್ ತಾವಾಗೇ ಇಳಿಯುತ್ತೆ, ಅದರ ಮೇಲೆ ಹಳೇ ಡೋಸ್, ಅದರ ಮೇಲೆ ವ್ಯಾಯಾಮ, ಮೂರೂ ಸೇರಿ ಕೆಡವಿಬಿಡುತ್ತೆ. ನೀವೇ ನಿಲ್ಲಿಸಬೇಡಿ, ಆದ್ರೆ ಡೋಸ್ ಕಮ್ಮಿ ಮಾಡಬೇಕಾ ಅಂತ ಪ್ರತಿ ವಿಸಿಟ್‌ನಲ್ಲೂ ಕೇಳಿ. ಬಿಪಿಗೆ ಬೀಟಾ ಬ್ಲಾಕರ್ ತಗೊಳ್ಳೋರಾದ್ರೆ ನಾಡಿ ಬಡಿತ ಅಷ್ಟಾಗಿ ಏರಲ್ಲ, ವಾಚ್ ನೋಡಿ ವ್ಯಾಯಾಮದ ಜೋರು ಅಳೆಯಕ್ಕಾಗಲ್ಲ. ಅದಕ್ಕೆ ಮಾತಾಡೋ ಪರೀಕ್ಷೆ ಸಾಕು: ನಡೀತಾ ನಡೀತಾ ಒಂದು ಪೂರ್ತಿ ವಾಕ್ಯ ಹೇಳಕ್ಕಾಗ್ಬೇಕು, ಆದ್ರೆ ಹಾಡಕ್ಕೆ ಆಗ್ಬಾರದು, ಅದೇ ಮಧ್ಯಮ ವೇಗ. ಅಕ್ಕ ಫೋನಲ್ಲಿ ಅಮ್ಮನ ಜೊತೆ ಮಾತಾಡ್ತಾ ನಡೀತಿದ್ಲು, ಅಮ್ಮನಿಗೇ ಗೊತ್ತಾಗ್ತಿತ್ತು ಅವಳು ಜೋರು ಹೋಗ್ತಿದ್ದಾಳಾ ಸುಮ್ನೆ ಅಡ್ಡಾಡ್ತಿದ್ದಾಳಾ ಅಂತ.

ಪ್ರೋಟೀನ್ ಲೆಕ್ಕ ಹೀಗೆ: ಅಮೆರಿಕದ ಬೇರಿಯಾಟ್ರಿಕ್ ಸರ್ಜನ್‌ಗಳು ಮತ್ತೆ ಹಾರ್ಮೋನ್ ತಜ್ಞರ ಸಂಘಟನೆಗಳು ಸೇರಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಪ್ರಕಾರ ದಿನಕ್ಕೆ ಕನಿಷ್ಠ 60 ಗ್ರಾಂ, ಬೇಕಿದ್ರೆ ನಿಮ್ಮ ಎತ್ತರಕ್ಕೆ ಇರಬೇಕಾದ ತೂಕದ ಪ್ರತಿ ಕೆಜಿಗೆ ಒಂದೂವರೆ ಗ್ರಾಂವರೆಗೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಅಂದ್ರೆ 60 ಗ್ರಾಂ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ, ಹೊಟ್ಟೆ ಮುಷ್ಟಿಯಷ್ಟೂ ಇಲ್ಲದಿರುವಾಗ. ಅದಕ್ಕೇ ತಟ್ಟೆಯಲ್ಲಿ ಪ್ರೋಟೀನ್ ಮೊದಲು ತಿನ್ನಿ ಅನ್ನೋದು, ಅದಕ್ಕೇ ಮೊದಲ ತಿಂಗಳುಗಳಲ್ಲಿ ಪೌಡರ್ ಕೊಡೋದು. ವ್ಯಾಯಾಮದ ಟೈಮಲ್ಲಿ ಸಿಹಿ ಸ್ಪೋರ್ಟ್ಸ್ ಡ್ರಿಂಕ್, ಜ್ಯೂಸ್ ಕುಡಿಯೋ ಅಭ್ಯಾಸ ಇದ್ರೆ ಬಿಡಿ, ಬೈಪಾಸ್ ಆದವರು ಇನ್ನೂ ಹುಷಾರಾಗಿರಿ. ಸಕ್ಕರೆ ನೇರವಾಗಿ ಕರುಳಿಗೆ ಬಿದ್ರೆ ಹತ್ತರಿಂದ ಮೂವತ್ತು ನಿಮಿಷದೊಳಗೆ ಹೊಟ್ಟೆ ನುಲಿತ, ಎದೆ ಡವಡವ, ಬೆವರು, ಭೇದಿ, ಇದಕ್ಕೆ ಡಂಪಿಂಗ್ ಅಂತಾರೆ. ಇನ್ನೊಂದು ಥರ ಇದೆ, ಊಟ ಆಗಿ ಒಂದರಿಂದ ಮೂರು ಗಂಟೆ ಬಿಟ್ಟು ಶುಗರ್ ದಿಢೀರ್ ಇಳಿದು ಕೈ ನಡುಗೋದು, ತಲೆ ಮಂಕಾಗೋದು, ಬೈಪಾಸ್ ಆದವರಲ್ಲಿ ಇದು ಎಷ್ಟೋ ಸಲ ಒಂದು ವರ್ಷ ಕಳೆದ ಮೇಲೆ ಶುರು ಆಗುತ್ತೆ, ಹಾಗಾಗಿ ಜಿಮ್‌ನಲ್ಲಿ ಹೀಗಾದ್ರೆ ಆಪರೇಷನ್‌ಗೂ ಇದಕ್ಕೂ ಸಂಬಂಧ ಇದೆ ಅಂತನೇ ಹೊಳೆಯಲ್ಲ. ಹಾಗೆ ಅನಿಸಿದ್ರೆ ತಕ್ಷಣ ನಿಲ್ಲಿಸಿ ಕೂತ್ಕೊಳ್ಳಿ, ಮೀಟರ್ ಇದ್ರೆ ಶುಗರ್ ನೋಡಿ, ಸ್ವಲ್ಪ ಗ್ಲೂಕೋಸ್ ತಗೊಂಡು ಆಮೇಲೆ ಪ್ರೋಟೀನ್ ಇರೋ ಏನಾದ್ರೂ ತಿನ್ನಿ, ಮತ್ತೆ ಡಾಕ್ಟರ್‌ಗೆ ಹೇಳಿ, ಪದೇ ಪದೇ ಆಗ್ತಿದ್ರೆ ಅದಕ್ಕೆ ಚಿಕಿತ್ಸೆ ಇದೆ.

ಈಗ ಮುಖ್ಯ ವಿಷಯ, ಸ್ಟ್ರೆಂತ್ ಟ್ರೇನಿಂಗ್. ಬಹಳ ಜನ ಸರ್ಜರಿ ಆದ್ಮೇಲೆ ವಾಕಿಂಗ್ ಒಂದೇ ಹಿಡ್ಕೊಂಡು ಬಿಡ್ತಾರೆ, ದಿನಾ ಇಷ್ಟು ಹೆಜ್ಜೆ ಆಯ್ತು ಅಂತ ಸಮಾಧಾನ. ಅಂದ ಹಾಗೆ ಆ 10,000 ಹೆಜ್ಜೆ ಅನ್ನೋ ಸಂಖ್ಯೆ ಯಾವ ಡಾಕ್ಟರೂ ಲೆಕ್ಕ ಹಾಕಿ ಹೇಳಿದ್ದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸೋ ಯಂತ್ರದ ಹೆಸರೇ 'ಹತ್ತು ಸಾವಿರ ಹೆಜ್ಜೆ ಮೀಟರ್' ಅಂತಿತ್ತು, ಅಲ್ಲಿಂದ ಬಂದಿದ್ದು. ನಡಿಗೆ ಹೃದಯಕ್ಕೆ ಒಳ್ಳೇದು, ಮನಸ್ಸಿಗೆ ಒಳ್ಳೇದು, ಆದ್ರೆ ಕರಗ್ತಿರೋ ಮಸಲ್‌ಗೆ "ನಿನ್ನ ಕೆಲಸ ಇನ್ನೂ ಇದೆ" ಅಂತ ಹೇಳೋವಷ್ಟು ಜೋರು ಅದರಲ್ಲಿಲ್ಲ. ಅದಕ್ಕೆ ಭಾರ ಬೇಕು. ಅದೇ ಮಾರ್ಗಸೂಚಿ ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ವ್ಯಾಯಾಮ, ಗುರಿ 300 ನಿಮಿಷ, ಜೊತೆಗೆ ವಾರಕ್ಕೆ ಎರಡು-ಮೂರು ಸಲ ಸ್ಟ್ರೆಂತ್ ಅಂತ ಹೇಳುತ್ತೆ, ಜನ ಮೊದಲರ್ಧ ಮಾತ್ರ ಓದ್ತಾರೆ.

ಸರ್ಜನ್ ಒಪ್ಪಿಗೆ ಕೊಟ್ಟ ಮೇಲೆ, ಸಾಮಾನ್ಯವಾಗಿ ಆರೆಂಟು ವಾರ ಕಳೆದ ಮೇಲೆ ಶುರು ಮಾಡಬಹುದು. ಮಷೀನ್ ಬೇಕಂತಿಲ್ಲ, ಬದುಕಲ್ಲಿ ದಿನಾ ಬೇಕಾಗೋ ಚಲನೆಗಳನ್ನೇ ಹಿಡೀರಿ: ಕೂತು ಏಳೋದು, ತಳ್ಳೋದು, ಎಳೆಯೋದು, ನೆಲದಿಂದ ಎತ್ತೋದು, ಹೊತ್ಕೊಂಡು ನಡೆಯೋದು. ನಮ್ಮ ಫಿಸಿಯೋ ಮೊದಲು ಮಾಡಿಸಿದ್ದು ಒಂದು ಟೆಸ್ಟ್. ಕೈ ಇಲ್ಲದ ಕುರ್ಚಿ, ಸುಮಾರು 43 ಸೆಂಟಿಮೀಟರ್ ಎತ್ತರದ್ದು, ಗೋಡೆಗೆ ಒರಗಿಸಿ ಇಟ್ರು. ಎರಡೂ ಕೈ ಎದೆ ಮೇಲೆ ಅಡ್ಡ ಕಟ್ಕೊಂಡು 30 ಸೆಕೆಂಡ್‌ನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರಕ್ಕಾಗುತ್ತೆ ಅಂತ ಎಣಿಸೋದು. ಅಕ್ಕನಿಗೆ ಆಗ 38 ವರ್ಷ, ಏಳು ಸಲ ಆಯ್ತು. ಅರವತ್ತು ದಾಟಿದ ಹೆಂಗಸರಿಗೇ ಹನ್ನೆರಡು ಆಗ್ಬೇಕು, ಅದಕ್ಕಿಂತ ಕಮ್ಮಿ ಆದ್ರೆ ಬೀಳೋ ಅಪಾಯ ಜಾಸ್ತಿ ಅಂತ ಲೆಕ್ಕ ಅಂದಾಗ ಅವಳ ಮುಖ ಚಿಕ್ಕದಾಯ್ತು, ಆದ್ರೆ ಅವತ್ತಿಂದ ಅವಳಿಗೆ ಹಿಡಿಯಕ್ಕೆ ಒಂದು ನಂಬರ್ ಸಿಕ್ತು.

ಆಮೇಲೆ ಅದೇ ಕುರ್ಚಿನೇ ಅವಳ ಜಿಮ್ ಆಯ್ತು. ಮೊದಲು ಕುರ್ಚಿ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿ ಎಂಟೆಂಟು ಸಲ, ಮಧ್ಯ ಎರಡು ನಿಮಿಷ ರೆಸ್ಟ್, ಹೀಗೆ ಎರಡು ಸುತ್ತು. ಸಲೀಸಾಗಿ ಹನ್ನೆರಡು ಬರಕ್ಕೆ ಶುರು ಆದಾಗ ದಿಂಬು ತೆಗೆದ್ರು. ಆಮೇಲೆ ಎದೆಗೆ ಅವಚಿಕೊಂಡ ಬ್ಯಾಗಲ್ಲಿ ಎರಡು ಪುಸ್ತಕ, ಆಮೇಲೆ ನಾಲ್ಕು, ಆಮೇಲೆ ಅದಕ್ಕಿಂತ ತಗ್ಗಿನ ಸ್ಟೂಲ್. ಕೂರುವಾಗ ಧೊಪ್ ಅಂತ ಬೀಳಬಾರದು, ಮೂರು ಎಣಿಸ್ತಾ ನಿಧಾನಕ್ಕೆ ಇಳೀಬೇಕು, ಮಸಲ್ ಬೆಳೆಯೋದು ಮೇಲೆ ಏಳೋದರಲ್ಲಿ ಎಷ್ಟೋ ಇಳಿಯೋದರಲ್ಲೂ ಅಷ್ಟೇ. ತಳ್ಳೋದಕ್ಕೆ ಗೋಡೆ, ಆಮೇಲೆ ಟೇಬಲ್ ಅಂಚು. ಎಳೆಯೋದಕ್ಕೆ ರಬ್ಬರ್ ಬ್ಯಾಂಡ್. ಹದ ಹೇಗೆ ಗೊತ್ತಾಗುತ್ತೆ ಅಂದ್ರೆ ಕೊನೆಯ ಎರಡು ಸಲ ನಿಜಕ್ಕೂ ಕಷ್ಟ ಆಗ್ಬೇಕು, ಆದ್ರೆ ಬೆನ್ನು ಬಾಗಬಾರದು, ಉಸಿರು ಕಟ್ಟಬಾರದು. ಎದ್ದೇಳುವಾಗ ಉಸಿರು ಹೊರಗೆ, ಇದನ್ನ ಅವಳು ಜೋರಾಗಿ "ಹೂ" ಅಂತ ಸದ್ದು ಮಾಡಿ ಅಭ್ಯಾಸ ಮಾಡ್ಕೊಂಡ್ಲು. ಒಂದು ಸಲ ಮಾಡಿದ ಮೇಲೆ ಒಂದು ದಿನ ಬಿಡಿ. ಹೊಟ್ಟೆ ಕರಗಿಸೋಣ ಅಂತ ಮಲಗಿ ತಲೆ-ಭುಜ ಎತ್ತೋ ಕ್ರಂಚಸ್‌ಗೆ ಹೋಗೋರಿಗೆ ಮಾತ್ರ ನನ್ನ ವಿನಂತಿ, ಅದು ಕೊನೆಗಿರಲಿ, ಹೊಟ್ಟೆ ಗೋಡೆ ಗಟ್ಟಿ ಆಗಕ್ಕೆ ಬಿಡಿ, ಕ್ರಂಚಸ್ ಮಾಡಿದ್ರೆ ಹೊಟ್ಟೆ ಕೊಬ್ಬು ಅಲ್ಲೇ ಕರಗುತ್ತೆ ಅನ್ನೋದೂ ಸುಳ್ಳು.

ಮಾರನೇ ದಿನ ತೊಡೆ ಹಿಡ್ಕೊಳ್ಳುತ್ತೆ, ಒಂದೆರಡು ದಿನ ಇರುತ್ತೆ, ಅದು ಸಹಜ. ಆಗ ಮನೇಲಿರೋ ಐಬುಪ್ರೊಫೇನ್, ಡೈಕ್ಲೋಫಿನ್ಯಾಕ್ ಥರದ ನೋವಿನ ಮಾತ್ರೆ ನುಂಗಬೇಡಿ ದಯವಿಟ್ಟು. ಬೈಪಾಸ್ ಆದವರಿಗೆ ಹೊಟ್ಟೆ ಚೀಲ ಮತ್ತೆ ಕರುಳು ಕೂಡಿಸಿದ ಜಾಗದಲ್ಲಿ ಹುಣ್ಣಾಗಿ ರಕ್ತಸ್ರಾವ ಆಗೋವರೆಗೂ ಹೋಗಬಹುದು, ಸ್ಲೀವ್ ಆದವರೂ ಕೇಳದೆ ತಗೋಬಾರದು. ಬೇಕೇ ಬೇಕು ಅಂದ್ರೆ ಪ್ಯಾರಾಸಿಟಮಾಲ್, ಅದೂ ಡಾಕ್ಟರ್ ಹೇಳಿದ ಡೋಸ್‌ನಲ್ಲಿ.

ನಡಿಗೆಯ ಬಗ್ಗೆ ಒಂದು ಮಾತು ಉಳೀತು. ತೂಕ ಇಳಿದಷ್ಟೂ ಅದೇ ರಸ್ತೆ ಅದೇ ವೇಗದಲ್ಲಿ ನಡೆದ್ರೆ ಖರ್ಚಾಗೋ ಶಕ್ತಿ ಕಮ್ಮಿ ಆಗ್ತಾ ಹೋಗುತ್ತೆ, ಹೊರೋ ಭಾರವೇ ಕಮ್ಮಿ ಆಯ್ತಲ್ಲ. ಮೊದಲ ತಿಂಗಳ ಅರ್ಧ ಗಂಟೆಯೂ ಎಂಟನೇ ತಿಂಗಳ ಅರ್ಧ ಗಂಟೆಯೂ ಒಂದೇ ಅಲ್ಲ. ಹಾಗಾಗಿ ಏರು ಇರೋ ದಾರಿ ಹಿಡೀರಿ, ಮಧ್ಯೆ ಮಧ್ಯೆ ಒಂದೊಂದು ನಿಮಿಷ ಬಿರುಸಾಗಿ ನಡೀರಿ, ಮೆಟ್ಟಿಲು ಸೇರಿಸಿ.

ಮೂಳೆಗೂ ಇದೇ ಬೇಕು. ಸರ್ಜರಿ ಆದ್ಮೇಲೆ ಮೂಳೆಯ ಸಾಂದ್ರತೆ ಇಳಿಯುತ್ತೆ, ಭಾರ ಕಮ್ಮಿ ಆಗಿದ್ದು ಒಂದು ಕಾರಣ, ಕ್ಯಾಲ್ಶಿಯಂ, ವಿಟಮಿನ್ ಡಿ ಸರಿಯಾಗಿ ಹೀರದೆ ಇರೋದು ಇನ್ನೊಂದು, ಹಾರ್ಮೋನ್ ಬದಲಾವಣೆನೂ ಸೇರುತ್ತೆ, ಬೈಪಾಸ್ ಆದವರಲ್ಲಿ ಮುಂದೆ ಮೂಳೆ ಮುರಿಯೋ ಅಪಾಯ ಹೆಚ್ಚು ಅಂತ ಗೊತ್ತಾಗಿದೆ. ಈಜು, ಸೈಕಲ್ ಕೀಲುಗಳಿಗೆ ಹಿತ, ನೋವಿದ್ದವರಿಗೆ ಶುರು ಮಾಡಕ್ಕೆ ಒಳ್ಳೇದು, ಆದ್ರೆ ಮೂಳೆಗೆ ಅವು ಹೆಚ್ಚು ಕೆಲಸ ಕೊಡಲ್ಲ, ಮೂಳೆಗೆ ಬೇಕಿರೋದು ಕಾಲ ಮೇಲೆ ಬೀಳೋ ಭಾರ ಮತ್ತು ಎಳೆತ. ಜೊತೆಗೆ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಶಿಯಂ, ಊಟದಿಂದ ಬರೋದೂ ಸೇರಿ, ಮಾತ್ರೆ ಆದ್ರೆ ಸಾಮಾನ್ಯವಾಗಿ ಸಿಟ್ರೇಟ್ ರೂಪದ್ದು ಕೊಡ್ತಾರೆ, ಎರಡು-ಮೂರು ಸಲ ಹಂಚಿ, ಕಬ್ಬಿಣದ ಮಾತ್ರೆಯಿಂದ ಎರಡು ಗಂಟೆ ದೂರ ಇಟ್ಟು.

ಸುಸ್ತು ಎಲ್ಲವೂ ಸೋಮಾರಿತನ ಅಲ್ಲ. ವಾರಗಟ್ಟಲೆ ವ್ಯಾಯಾಮ ಮಾಡಿದ್ರೂ ಉಸಿರು ಸುಧಾರಿಸ್ತಿಲ್ಲ, ಎದೆ ಬಡಿತ ಜಾಸ್ತಿ ಅಂದ್ರೆ ಕಬ್ಬಿಣ, ಬಿ12 ಟೆಸ್ಟ್ ಮಾಡಿಸಿ, ಮನಸ್ಸು ಗಟ್ಟಿ ಮಾಡ್ಕೋ ಅನ್ನೋ ಉಪದೇಶಕ್ಕೆ ಅಲ್ಲಿ ಕೆಲಸ ಇಲ್ಲ. ಕೆಲವು ದಿನದಿಂದ ವಾಂತಿ ಆಗ್ತಾ ಇದ್ದು, ಪಾದ ಜೋಮು ಹಿಡಿದು, ನಡಿಗೆ ತೂರಾಡಿ, ಕಣ್ಣಿಗೆ ಎರಡೆರಡು ಕಾಣಿಸ್ತಿದ್ರೆ ಅದು ಬಿ1 ಕೊರತೆ ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ, ತಡ ಮಾಡಿದ್ರೆ ಮಿದುಳಿಗೆ ಶಾಶ್ವತ ಹಾನಿ ಆಗಬಹುದು. ಹಾಗೇ ಎಲ್ಲ ನೋವನ್ನೂ ವ್ಯಾಯಾಮದ ನೋವು ಅಂತ ತಳ್ಳಿಹಾಕಬೇಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯೋದು, ಎದೆನೋವು, ದಿಢೀರ್ ಉಸಿರಾಟದ ತೊಂದರೆ, ಮೊದಲ ವಾರಗಳಲ್ಲಿ ಸುಮ್ನೆ ಮಲಗಿದ್ದಾಗಲೂ ನಾಡಿ 120 ದಾಟೋದು, ಜ್ವರ, ಇವೆಲ್ಲ ತುರ್ತು. ಬಲಪಕ್ಕೆಯ ಕೆಳಗೆ ಊಟ ಆದ್ಮೇಲೆ ಬರೋ ನೋವು ಪಿತ್ತಕೋಶದ ಕಲ್ಲಿರಬಹುದು, ತೂಕ ಬೇಗ ಇಳಿದಾಗ ಕಲ್ಲಾಗೋದು ಸಾಮಾನ್ಯ. ಬೈಪಾಸ್ ಆಗಿ ವರ್ಷಗಳೇ ಕಳೆದಿದ್ರೂ ಹೊಟ್ಟೆ ನುಲಿದು ನುಲಿದು ತಡೆಯಲಾರದ ನೋವು ಬಂದ್ರೆ ಕರುಳು ಒಳಗೇ ಸಿಕ್ಕಿಹಾಕ್ಕೊಂಡಿರಬಹುದು, ನಿನ್ನೆ ಭಾರ ಎತ್ತಿದ್ದಕ್ಕೆ ಬಂತು ಅಂತ ಮಲಗಬೇಡಿ.

ಯಾರೂ ಮುಂಚೆ ಹೇಳದ ವಿಷಯ ಚರ್ಮದ್ದು. ತೂಕ ಇಳಿದ ಮೇಲೆ ಹೊಟ್ಟೆ, ತೊಡೆ, ತೋಳಿನ ಚರ್ಮ ಜೋತುಬೀಳುತ್ತೆ, ಬಿರುಸಾಗಿ ನಡೆದ್ರೆ ಅದು ಬಡಿದು ಉಜ್ಜಿ ಕೆಂಪಾಗುತ್ತೆ, ಮಡಿಕೆಯೊಳಗೆ ಬೆವರು ನಿಂತು ಫಂಗಸ್ ಆಗುತ್ತೆ. ಅಕ್ಕ ಎರಡು ವಾರ ವಾಕಿಂಗ್ ನಿಲ್ಲಿಸಿದ್ದಕ್ಕೆ ಇದೇ ಕಾರಣ, ನಾಚಿಕೆಯಿಂದ ಹೇಳಿರಲಿಲ್ಲ ಅಷ್ಟೇ. ಮೈಗೆ ಬಿಗಿಯಾಗಿ ಹಿಡಿಯೋ ಉದ್ದನೆಯ ಶಾರ್ಟ್ಸ್, ಹೊಟ್ಟೆಯನ್ನ ಎತ್ತಿಹಿಡಿಯೋ ಅಗಲ ಪಟ್ಟಿ ಇರೋ ಪ್ಯಾಂಟ್, ಉಜ್ಜೋ ಜಾಗಕ್ಕೆ ವ್ಯಾಸಲೀನ್, ಬಂದ ತಕ್ಷಣ ತೊಳೆದು ಪೂರ್ತಿ ಒಣಗಿಸೋದು, ಇಷ್ಟರಲ್ಲಿ ಬಹಳ ಮಟ್ಟಿಗೆ ಸರಿಹೋಯ್ತು. ವ್ಯಾಯಾಮದಿಂದ ಜೋತುಬಿದ್ದ ಚರ್ಮ ಬಿಗಿ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಒಳಗೆ ಮಸಲ್ ತುಂಬಿದ್ರೆ ಸ್ವಲ್ಪ ಮಟ್ಟಿಗೆ ಚೆನ್ನಾಗಿ ಕಾಣುತ್ತೆ ಅಷ್ಟೇ, ಜಾಸ್ತಿ ಇದ್ರೆ ಅದಕ್ಕೆ ಬೇರೆ ಆಪರೇಷನ್ನೇ, ಅದೂ ತೂಕ ಒಂದು ಕಡೆ ನಿಂತ ಮೇಲೆ, ಸಾಮಾನ್ಯವಾಗಿ ಒಂದು-ಒಂದೂವರೆ ವರ್ಷ ಆದ್ಮೇಲೆ. ಶೂ ಕೂಡ ಸಡಿಲ ಆಗಿರಬಹುದು, ಆಗಾಗ ನೋಡ್ಕೊಳ್ಳಿ. ಹೊಟ್ಟೆಯ ಭಾರ ಇಳಿದಾಗ ದೇಹ ಬ್ಯಾಲೆನ್ಸ್ ಮಾಡೋ ರೀತಿಯೇ ಬದಲಾಗುತ್ತೆ, ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಲ್ಲೋದನ್ನ ಹಲ್ಲುಜ್ಜುವಾಗ ಅಭ್ಯಾಸ ಮಾಡಿ.

ತೂಕ ಮಧ್ಯ ಮಧ್ಯ ನಿಲ್ಲುತ್ತೆ, ಮೂರನೇ ವಾರದ ಹೊತ್ತಿಗೇ ಒಂದು ಸಲ ನಿಲ್ಲೋದು ತುಂಬಾ ಜನರಿಗೆ ಆಗುತ್ತೆ. ಸ್ಟ್ರೆಂತ್ ಶುರು ಮಾಡಿದ ವಾರ ಅರ್ಧ-ಒಂದು ಕೆಜಿ ಏರಿದ್ರೂ ಹೆದರಬೇಡಿ, ಕೆಲಸ ಮಾಡಿದ ಮಸಲ್ ನೀರು ಹಿಡಿದಿಟ್ಕೊಳ್ಳುತ್ತೆ. ಅಕ್ಕ ತೂಕ ವಾರಕ್ಕೊಂದೇ ಸಲ ನೋಡ್ತಾಳೆ, ಕುರ್ಚಿ ಲೆಕ್ಕ ತಿಂಗಳಿಗೊಂದು ಸಲ, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದಾಳೆ. ತೂಕದ ಕಾಲಂ ಕಳೆದ ನಾಲ್ಕು ತಿಂಗಳಿಂದ ಹೆಚ್ಚುಕಮ್ಮಿ ಒಂದೇ ಇದೆ. ಪಕ್ಕದ ಕಾಲಂ ಏಳರಲ್ಲಿ ಶುರು ಆಗಿ ಹತ್ತು, ಹನ್ನೊಂದು, ಮತ್ತೆ ಜ್ವರ ಬಂದ ತಿಂಗಳು ಒಂಬತ್ತು, ಹದಿನಾಲ್ಕು, ಕಳೆದ ಭಾನುವಾರ ಹತ್ತೊಂಬತ್ತು. ಅದರ ಮುಂದೆ ಸಣ್ಣಕ್ಷರದಲ್ಲಿ ಬರೆದಿದ್ದಾಳೆ: "ನೆಲದಿಂದ ಎದ್ದೆ, ಕೈ ಊರದೆ. ಎಡ ಮೊಣಕಾಲು ಸ್ವಲ್ಪ ಹಿಡೀತಿದೆ, ನಾಳೆ ಸೈಕಲ್."